ಎಸ್‌ಡಿಆರ್ ರಿಗ್‌ನಲ್ಲಿ ಆಡಿಯೊ ಲೇಟಾಗಿ ಬರ್ತಿದ್ಯಾ? ಬಫರ್ ಮುಟ್ಟೋಕೆ ಮುಂಚೆ ಲೈಟರ್ ತಗೊಳಿ

ಎಸ್‌ಡಿಆರ್, ಅಂದ್ರೆ ಸಿಗ್ನಲ್ ಕೆಲ್ಸನೆಲ್ಲಾ ಸಾಫ್ಟ್‌ವೇರ್‌ನಲ್ಲಿ ಮಾಡೋ ಹ್ಯಾಮ್ ರೇಡಿಯೊ ರಿಗ್ (ಸೆಟ್) ಅಂದ್ಮೇಲೆ ಡಿಲೇ ಇದ್ದೇ ಇರತ್ತೆ, ಅದನ್ನ ಪೂರ್ತಿ ಸೊನ್ನೆ ಮಾಡೋಕೆ ಆಗಲ್ಲ, ಇದನ್ನ ಮೊದ್ಲೇ ಹೇಳ್ಬಿಡ್ತೀನಿ. ಆಂಟೆನಾದಿಂದ ಬಂದ ಸಿಗ್ನಲ್ಲನ್ನ ಎಡಿಸಿ ನಂಬರ್‌ಗಳಾಗಿ ಮಾಡತ್ತೆ, ಆ ನಂಬರ್‌ಗಳು ನೆಟ್‌ವರ್ಕ್ ಕೇಬಲ್‌ನಲ್ಲಿ ಕಂಪ್ಯೂಟರ್‌ಗೆ ಬಂದು ಒಂದು ಬಫರ್ (ಡೇಟಾನ ಸ್ವಲ್ಪ ಹೊತ್ತು ಕೂಡಿಡೋ ಜಾಗ) ತುಂಬೋವರ್ಗೂ ಕಾಯ್ತವೆ, ಆಮೇಲೆ ಫಿಲ್ಟರ್, ಆಮೇಲೆ ನಾಯ್ಸ್ ರಿಡಕ್ಷನ್, ಆಮೇಲೆ ವಿಂಡೋಸ್‌ನ ಆಡಿಯೊ ಡ್ರೈವರ್, ಕೊನೆಗೆ ನಿಮ್ಮ ಹೆಡ್‌ಫೋನ್. ಪ್ರತಿಯೊಂದು ಕಡೆನೂ ಒಂದಿಷ್ಟು ಮಿಲಿಸೆಕೆಂಡ್ ತಿನ್ನತ್ತೆ. ಹಳೇ ಅನಲಾಗ್ ರಿಗ್ ಬಳಸಿ ಬಂದವ್ರಿಗೆ ಇದು ಮೊದಮೊದ್ಲು ತುಂಬಾ ಕಿರಿಕಿರಿ.

ಯಾರನ್ನ ಕೇಳಿದ್ರೂ ಒಂದೇ ಉತ್ತರ ಬರತ್ತೆ, ಬಫರ್ ಕಮ್ಮಿ ಮಾಡಿ ಅಂತ. ಕಮ್ಮಿ ಮಾಡಿದ್ರೆ ಆಡಿಯೊ ಕಟ್ ಕಟ್ ಆಗತ್ತೆ, ಮತ್ತೆ ಜಾಸ್ತಿ ಮಾಡ್ತಾರೆ, ಮತ್ತೆ ಡಿಲೇ, ಹಿಂಗೇ ಭಾನುವಾರ ಪೂರ್ತಿ ಹೋಗತ್ತೆ. ನನ್ನ ಪ್ರಕಾರ ಇದು ಉಲ್ಟಾ ಕ್ರಮ. ಮೊದ್ಲು ಎಷ್ಟು ಡಿಲೇ ಇದೆ ಅಂತ ಅಳೀರಿ, ಆಮೇಲೆ ಅದು ಯಾವ ಜಾಗದಲ್ಲಿ ಸೇರ್ಕೊಂಡಿದೆ ಅಂತ ಹುಡುಕಿ, ಕೊನೆಗೆ ಆ ಒಂದು ಜಾಗ ಮಾತ್ರ ಮುಟ್ಟಿ.

ಉದಾಹರಣೆಗೆ ಇಲ್ಲಿ ಹರ್ಮಿಸ್ ಲೈಟ್ 2 ರಿಗ್, ವಿಂಡೋಸ್ ಲ್ಯಾಪ್‌ಟಾಪ್, ಥೆಟಿಸ್ ಸಾಫ್ಟ್‌ವೇರ್ ಇಟ್ಕೊಂಡಿದೀನಿ. 5 ವಾಟ್‌ನ ಈ ರಿಗ್ ಬಳಸೋರು ಬಹಳ ಜನ ಇದಾರೆ, ಅದೂ ಅಲ್ದೆ ಡಿಲೇ ಬರೋ ಎಲ್ಲಾ ಜಾಗಗಳೂ ಇದ್ರಲ್ಲಿ ಬಿಚ್ಚಿಟ್ಟ ಹಾಗೆ ಕಾಣತ್ತೆ. ಆನನ್ ರಿಗ್ ಇರೋರಿಗೂ ಹೆಚ್ಚುಕಮ್ಮಿ ಇದೇ ಅನ್ವಯ. ಹೈದರಾಬಾದ್‌ನ ಅಷರ್ ಫರ್ಹಾನ್ ಅವ್ರ ಎಸ್‌ಬಿಟ್‌ಎಕ್ಸ್ ಇದ್ರೆ ಅದ್ರಲ್ಲಿ ವಿಂಡೋಸ್ ಬದ್ಲು ಒಳಗೇ ರಾಸ್‌ಬೆರಿ ಪೈ ಇರತ್ತೆ, ಮೆನು ಬೇರೆ ಆದ್ರೂ ತರ್ಕ ಇದೇನೇ. ಐಕಾಮ್ 7300 ತರದ ರಿಗ್‌ಗಳೂ ಎಸ್‌ಡಿಆರ್‌ಗಳೇ, ಆದ್ರೆ ಎಲ್ಲಾ ಡಬ್ಬಿ ಒಳಗೇ ಮುಗಿಯತ್ತೆ, ಅಲ್ಲಿ ಯುಎಸ್‌ಬಿ ಆಡಿಯೊ ಭಾಗ ಬಿಟ್ರೆ ನಾವು ಕೈ ಹಾಕೋಕೆ ಹೆಚ್ಚೇನೂ ಇಲ್ಲ.

ಎಷ್ಟು ಡಿಲೇ ಇದ್ರೆ ತೊಂದ್ರೆ?

ಬೆಳಿಗ್ಗೆ 40 ಮೀಟರ್ ಬ್ಯಾಂಡ್‌ನಲ್ಲಿ ನೆಟ್ (ಹ್ಯಾಮ್‌ಗಳ ಗುಂಪು) ಸೇರಿ ಎಸ್‌ಎಸ್‌ಬಿಯಲ್ಲಿ (ದನಿ ಕಳ್ಸೋ ಮೋಡ್) ಹರಟೆ ಹೊಡಿಯೋರಿಗೆ 150 ಮಿಲಿಸೆಕೆಂಡ್ ಇದ್ರೂ ಗೊತ್ತೇ ಆಗಲ್ಲ, ಸುಮ್ನೆ ಇರಿ, ಏನೂ ಮುಟ್ಬೇಡಿ. ಎಫ್‌ಟಿ8 (ಕಂಪ್ಯೂಟರ್‌ನಿಂದ ಪುಟ್ಟ ಸಂದೇಶ ಕಳ್ಸೋ ಡಿಜಿಟಲ್ ಮೋಡ್) ಮಾಡೋರಿಗೆ ಇನ್ನೂ ಜಾಸ್ತಿ ಇದ್ರೂ ನಡಿಯತ್ತೆ, ಅದ್ರ ವಿಷ್ಯ ಕೆಳಗಿದೆ. ನಿಜವಾಗ್ಲೂ ಒದ್ದಾಡೋದು ಮೋರ್ಸ್ ಹೊಡಿಯೋರು. 20 ಡಬ್ಲ್ಯೂಪಿಎಂ (ನಿಮಿಷಕ್ಕೆ 20 ಪದ) ವೇಗದಲ್ಲಿ ಒಂದು ಡಾಟ್ ಅಂದ್ರೆ 60 ಮಿಲಿಸೆಕೆಂಡ್, 30ರಲ್ಲಿ 40 ಮಿಲಿಸೆಕೆಂಡ್. ಸೈಡ್‌ಟೋನ್ (ನೀವು ಹೊಡಿಯೋದು ನಿಮ್ಗೇ ಕೇಳ್ಸೋ ಟೋನ್) 60 ಮಿಲಿಸೆಕೆಂಡ್ ಲೇಟಾಗಿ ಕಿವಿಗೆ ಬಿತ್ತು ಅಂದ್ರೆ ನಿಮ್ಮ ಕೈ ಒಂದು ಡಾಟ್ ಹಿಂದೆ ಇರತ್ತೆ, ಎಸ್ (ಮೂರು ಡಾಟ್) ಹೊಡಿಯೋಕೆ ಹೋಗಿ ಹೆಚ್ (ನಾಲ್ಕು ಡಾಟ್) ಹೊಡೀತೀರ, ಆಮೇಲೆ ನಿಮ್ಮ ಕೈನೇ ಸರಿ ಇಲ್ಲ ಅಂತ ಅನ್ಕೊಳ್ತೀರ.

ಇನ್ನೊಂದು ಜಾತಿ ಡಿಲೇ ಇದೆ, ಮಾನಿಟರ್ ಆನ್ ಮಾಡ್ಕೊಂಡು ನಿಮ್ಮ ದನಿ ನೀವೇ ಕೇಳಿಸ್ಕೊಂಡು ಮಾತಾಡೋದು. ಅದು 150ರಿಂದ 200 ಮಿಲಿಸೆಕೆಂಡ್ ಲೇಟಾದ್ರೆ ನಾಲಿಗೆ ತೊಡರತ್ತೆ, ಎಂಥಾ ಮಾತುಗಾರನೂ ತೊದಲ್ತಾನೆ. ಇದಕ್ಕೆ ಮದ್ದು ಸುಲಭ, ಮಾನಿಟರ್ ಆಫ್ ಮಾಡಿ. ಆಡಿಯೊ ಹೆಂಗಿದೆ ಅಂತ ನೋಡ್ಬೇಕಿದ್ರೆ ರೆಕಾರ್ಡ್ ಮಾಡಿ ಆಮೇಲೆ ಕೇಳಿ.

ಅಳೆಯೋದು ಹೇಗೆ

ಅಡುಗೆಮನೆಯ ಗ್ಯಾಸ್ ಲೈಟರ್ ಇದ್ಯಲ್ಲ, ಟಕ್ ಅಂತ ಕಿಡಿ ಹಾರಿಸೋದು, ಅದೇ ಸಾಕು. ಅದು ಕಿಡಿ ಹಾರಿಸಿದಾಗ ಬರೀ ಶಬ್ದ ಅಲ್ಲ, ರೇಡಿಯೊದಲ್ಲೂ ಅಗಲವಾದ ಒಂದು ಪಲ್ಸ್ ಹೊರಡತ್ತೆ. ರಿಸೀವರ್‌ನ ಎಎಂ ಮೋಡ್‌ಗೆ ಹಾಕಿ, ಖಾಲಿ ಇರೋ ಒಂದು ಫ್ರೀಕ್ವೆನ್ಸಿಗೆ ಹೋಗಿ, ಫಿಲ್ಟರ್ ಅಗಲ ಇಡಿ, ನಾಯ್ಸ್ ಬ್ಲ್ಯಾಂಕರ್ ಆಫ್ ಮಾಡಿ, ಇದನ್ನ ಮರೀಬೇಡಿ, ಬ್ಲ್ಯಾಂಕರ್ ಇರೋದೇ ಇಂಥ ಟಕ್ ಟಕ್ ನುಂಗೋಕೆ. ಆಂಟೆನಾ ಮಹಡಿ ಮೇಲಿದ್ರೆ ಅದನ್ನ ಬಿಚ್ಚಿ ಬದಲಿಗೆ ಒಂದು ಮೀಟರ್ ವೈರ್ ಸಿಕ್ಕಿಸಿ. ಮೊಬೈಲ್‌ನಲ್ಲಿ ರೆಕಾರ್ಡಿಂಗ್ ಆನ್ ಮಾಡಿ ಸ್ಪೀಕರ್ ಹತ್ರ ಇಡಿ, ವೈರ್‌ನಿಂದ ಮೂರ್ನಾಲ್ಕು ಅಡಿ ದೂರ ನಿಂತು ಲೈಟರ್ ಒತ್ತಿ. ವೈರ್‌ಗಾಗ್ಲಿ ರಿಗ್‌ಗಾಗ್ಲಿ ಕಿಡಿ ತಾಗಿಸ್ಬೇಡಿ, ಆ ಕಿಡಿಯಲ್ಲಿ ಸಾವಿರಾರು ವೋಲ್ಟ್ ಇರತ್ತೆ, ರಿಸೀವರ್‌ನ ಮುಂಭಾಗ ಸುಟ್ಟೋಗತ್ತೆ.

ಆ ರೆಕಾರ್ಡಿಂಗ್‌ನ ಆಡಾಸಿಟಿ ಅನ್ನೋ ಆಡಿಯೊ ಪ್ರೋಗ್ರಾಂನಲ್ಲಿ ತೆಗೆದು ಜೂಮ್ ಮಾಡಿ. ಮೊದಲ ಗೆರೆ ಲೈಟರ್‌ನದ್ದೇ ಶಬ್ದ, ಎರಡನೇದು ಸ್ಪೀಕರ್‌ನಿಂದ ಬಂದಿದ್ದು. ಮಧ್ಯದ ಅಂತರನೇ ನಿಮ್ಮ ಒಟ್ಟು ರಿಸೀವ್ ಡಿಲೇ. ಶಬ್ದ ಗಾಳಿಯಲ್ಲಿ ಒಂದು ಮಿಲಿಸೆಕೆಂಡ್‌ಗೆ ಸುಮಾರು 34 ಸೆಂಟಿಮೀಟರ್ ಹೋಗತ್ತೆ, ಹಂಗಾಗಿ ಲೈಟರ್ ಒಂದು ಮೀಟರ್ ದೂರ ಇದ್ರೆ ಮೂರು ಮಿಲಿಸೆಕೆಂಡ್ ತಪ್ಪು ಬರಬಹುದು, ನಮ್ಮ ಕೆಲ್ಸಕ್ಕೆ ಅದು ಲೆಕ್ಕಕ್ಕಿಲ್ಲ. ಐದಾರು ಸಲ ಒತ್ತಿ, ಪ್ರತಿ ಸಲ ಅಂತರ ಒಂದೇ ತರ ಇದ್ಯಾ ನೋಡಿ. ಒಂದು ಸಲ 80, ಇನ್ನೊಂದು ಸಲ 140 ಹೀಗೆ ಕುಣೀತಿದ್ರೆ ತೊಂದ್ರೆ ಸೆಟ್ಟಿಂಗ್‌ದಲ್ಲ, ಕಂಪ್ಯೂಟರ್ ಇಲ್ಲಾ ನೆಟ್‌ವರ್ಕ್‌ದು.

ಬರೀ ಕಿವಿಯಲ್ಲೇ ಅಂದಾಜು ಸಾಕು ಅನ್ನೋರು ಒಂದು ಹಳೇ ಟ್ರಾನ್ಸಿಸ್ಟರ್ ರೇಡಿಯೊದಲ್ಲೂ ಎಸ್‌ಡಿಆರ್‌ನಲ್ಲೂ ಒಂದೇ ಮೀಡಿಯಂ ವೇವ್ ಸ್ಟೇಷನ್ ಹಾಕಿ ಕೇಳಿ, ಬೆಂಗಳೂರಿನ ಸುತ್ತ ಆದ್ರೆ ಆಕಾಶವಾಣಿಯ 612 ಕಿಲೋಹರ್ಟ್ಸ್, ಧಾರವಾಡದ ಕಡೆ 765. ಎರಡೂ ದನಿ ಸ್ವಲ್ಪ ದಪ್ಪ ಆದಂಗೆ ಕೇಳಿದ್ರೆ ಡಿಲೇ ಕಮ್ಮಿ, ವಾರ್ತೆ ಓದೋರ ಮಾತು ಬಾವಿಯೊಳಗಿಂದ ಬಂದಂಗೆ ಪ್ರತಿಧ್ವನಿ ಆದ್ರೆ ಜಾಸ್ತಿ.

ಟ್ರಾನ್ಸ್‌ಮಿಟ್ ಡಿಲೇಗೆ ರಿಗ್‌ಗೆ ಡಮ್ಮಿ ಲೋಡ್ (ಆಂಟೆನಾ ಬದ್ಲು ಪವರ್ ನುಂಗೋ ರೆಸಿಸ್ಟರ್) ಹಾಕಿ, ಪಕ್ಕದಲ್ಲಿ ಇನ್ನೊಂದು ರಿಸೀವರ್ ಇಟ್ಟು ಅದ್ರ ಹೆಡ್‌ಫೋನ್‌ನ ಮೊಬೈಲ್‌ಗೆ ಒತ್ತಿ ಹಿಡೀರಿ, ಮೈಕ್ ಮೇಲೆ ಬೆರಳಿಂದ ತಟ್ಟಿ. ತಟ್ಟಿದ ಶಬ್ದಕ್ಕೂ ಹೆಡ್‌ಫೋನ್‌ನಿಂದ ಬಂದಿದ್ದಕ್ಕೂ ಇರೋ ಅಂತರ ನೋಡಿ. ಆಂಟೆನಾ ಹಾಕ್ಕೊಂಡು ಬ್ಯಾಂಡ್ ಮೇಲೆ ತಟ್ತಾ ಕೂರ್ಬೇಡಿ ದಯವಿಟ್ಟು.

ಮೊದಲ ಅನುಮಾನ ಕೊನೇ ತುದಿ ಮೇಲೆ

ಹೆಡ್‌ಫೋನ್ ಬ್ಲೂಟೂತಾ? ಹಾಗಿದ್ರೆ ಬೇರೆ ಏನೂ ಓದೋದು ಬೇಡ, ಒಂದು ವೈರ್ ಇರೋ ಹೆಡ್‌ಫೋನ್ ಹಾಕಿ ಮತ್ತೆ ಅಳೀರಿ. ಬ್ಲೂಟೂತ್ ಒಂದೇ 100ರಿಂದ 200 ಮಿಲಿಸೆಕೆಂಡ್, ಕೆಲವೊಮ್ಮೆ ಅದಕ್ಕೂ ಜಾಸ್ತಿ ಸೇರಿಸತ್ತೆ. ಎಚ್‌ಡಿಎಂಐ ಮೂಲಕ ಟಿವಿಗೋ ಮಾನಿಟರ್‌ಗೋ ಆಡಿಯೊ ಕೊಟ್ಟಿದ್ರೂ ಹಂಗೇ, ಟಿವಿ ಒಳಗೆ ಅದ್ರದ್ದೇ ಪ್ರಾಸೆಸಿಂಗ್ ಇರತ್ತೆ. ವಿಂಡೋಸ್‌ನ ಸೌಂಡ್ ಸೆಟ್ಟಿಂಗ್ಸ್‌ಗೆ ಹೋಗಿ ಆಡಿಯೊ ಎನ್ಹಾನ್ಸ್‌ಮೆಂಟ್ಸ್ ಅಂತ ಏನೇನಿದ್ಯೋ ಎಲ್ಲಾ ಆಫ್ ಮಾಡಿ, ಲ್ಯಾಪ್‌ಟಾಪ್ ಕಂಪನಿಯವ್ರು ಹಾಕಿಕೊಡೋ ಬಾಸ್ ಬೂಸ್ಟು, ಥಿಯೇಟರ್ ಎಫೆಕ್ಟು ಎಲ್ಲಾ ಸೇರಿಸಿ. ಸ್ಯಾಂಪಲ್ ರೇಟ್ ಎಲ್ಲಾ ಕಡೆನೂ 48000 ಇಡಿ. ವಿಂಡೋಸ್‌ನಲ್ಲಿ 44100, ಥೆಟಿಸ್‌ನಲ್ಲಿ 48000 ಇದ್ರೆ ಮಧ್ಯ ಯಾರೋ ಒಬ್ರು ಅದನ್ನ ಬದಲಾಯಿಸ್ತಾ ಕೂರ್ಬೇಕಾಗತ್ತೆ.

ಆಮೇಲೆ ವಿಎಸಿ, ಅಂದ್ರೆ ವರ್ಚುವಲ್ ಆಡಿಯೊ ಕೇಬಲ್. ಹರ್ಮಿಸ್ ಲೈಟ್ 2ರ ಮೂಲ ಬೋರ್ಡ್‌ನಲ್ಲಿ ಹೆಡ್‌ಫೋನ್ ಜಾಕ್ ಇಲ್ಲ, ಹಂಗಾಗಿ ಕಂಪ್ಯೂಟರ್ ಸ್ಪೀಕರ್‌ಗೆ ಆಡಿಯೊ ಬರೋದೇ ಥೆಟಿಸ್‌ನ ವಿಎಸಿ1 ಮೂಲಕ. ಹೆಸರಲ್ಲಿ ವರ್ಚುವಲ್ ಕೇಬಲ್ ಇದೆ ಅಂತ ಡಿಜಿಟಲ್ ಮೋಡ್‌ಗೆ ಮಾತ್ರ ಅನ್ಕೋಬೇಡಿ. ಸೆಟಪ್, ಆಡಿಯೊ, ವಿಎಸಿ1 ಟ್ಯಾಬ್ ತೆಗೀರಿ. ಅಲ್ಲಿ ಡ್ರೈವರ್ ಎಂಎಂಇ ಅಂತ ಇದ್ರೆ ನಿಮ್ಮ ಕಳ್ಳ ಸಿಕ್ಕಿದ ಅಂತಾನೇ ಲೆಕ್ಕ. ಎಂಎಂಇ ಬಹಳ ಹಳೇ ದಾರಿ, ಎಲ್ಲದ್ರ ಜೊತೆನೂ ಹೊಂದ್ಕೊಳತ್ತೆ, ಆದ್ರೆ ನಿಧಾನ. ಅದನ್ನ ವಾಸಾಪಿಗೆ ಇಲ್ಲಾ ಡಬ್ಲ್ಯೂಡಿಎಂ-ಕೆಎಸ್‌ಗೆ ಬದಲಾಯಿಸಿ. ಡಬ್ಲ್ಯೂಡಿಎಂ-ಕೆಎಸ್ ಸೌಂಡ್ ಡಿವೈಸ್‌ನ ತನಗೊಬ್ಬನಿಗೇ ಅಂತ ಹಿಡ್ಕೊಂಡ್ಬಿಡತ್ತೆ, ಆಗ ಬೇರೆ ಪ್ರೋಗ್ರಾಂಗಳಿಗೆ ಆ ಸ್ಪೀಕರ್ ಸಿಗದೇ ಇರಬಹುದು, ಅದಕ್ಕೆ ತಲೆ ಕೆಡಿಸ್ಕೋಬೇಡಿ. ಎಎಸ್‌ಐಒ ಡ್ರೈವರ್ ಇರೋ ಒಳ್ಳೇ ಯುಎಸ್‌ಬಿ ಆಡಿಯೊ ಇಂಟರ್ಫೇಸ್ ಇದ್ರೆ ಇನ್ನೂ ಉತ್ತಮ.

ಅದೇ ಟ್ಯಾಬ್‌ನಲ್ಲಿ ಲೇಟೆನ್ಸಿ ನಂಬರ್‌ಗಳಿವೆ, ರಿಂಗ್ ಬಫರ್‌ದೊಂದು, ಪೋರ್ಟ್‌ಆಡಿಯೊದ್ದೊಂದು, ಒಳಗೆ ಬರೋಕೆ ಒಂದು, ಹೊರಗೆ ಹೋಗೋಕೆ ಒಂದು. ಅಲ್ಲಿ 120 ತರದ ನಂಬರ್ ಕಂಡ್ರೆ ಮ್ಯಾನುಯಲ್ ಟಿಕ್ ಹಾಕಿ 60ಕ್ಕೆ ಇಳಿಸಿ, ಹತ್ತು ನಿಮಿಷ ಕೇಳಿ, ಆಮೇಲೆ 40, ಆಮೇಲೆ 20. ಪಕ್ಕದಲ್ಲೇ ಓವರ್‌ಫ್ಲೋ, ಅಂಡರ್‌ಫ್ಲೋ ಅಂತ ಕೌಂಟರ್‌ಗಳಿವೆ, ಕಣ್ಣು ಅಲ್ಲೇ ಇರ್ಲಿ. ಆ ಕೌಂಟರ್ ಏರ್ತಾ ಹೋದ್ರೆ ತುಂಬಾ ಇಳಿಸಿದೀರ ಅಂತ ಅರ್ಥ, ಒಂದು ಹೆಜ್ಜೆ ಹಿಂದಕ್ಕೆ ಬನ್ನಿ. ಕಿವಿಗಿಂತ ಕೌಂಟರ್ ನಂಬಿ, ಬ್ಯಾಂಡ್ ನಾಯ್ಸ್ ಮಧ್ಯೆ ಸಣ್ಣ ಕಟ್‌ಗಳು ಕೇಳ್ಸೋದೇ ಇಲ್ಲ, ಆದ್ರೆ ಎಫ್‌ಟಿ8 ಡಿಕೋಡರ್‌ಗೆ ಚೆನ್ನಾಗೇ ಗೊತ್ತಾಗತ್ತೆ.

ಫಿಲ್ಟರ್ ಎಷ್ಟು ತಿನ್ನತ್ತೆ ಅಂತ ಲೆಕ್ಕ ಹಾಕ್ಬಹುದು

ಇದು ನಂಗೆ ತುಂಬಾ ಇಷ್ಟವಾದ ಭಾಗ, ಯಾಕಂದ್ರೆ ಇಲ್ಲಿ ಊಹೆ ಇಲ್ಲ. ಲೀನಿಯರ್ ಫೇಸ್ ಫಿಲ್ಟರ್‌ನ ಡಿಲೇ ಅಂದ್ರೆ ಅದ್ರ ಉದ್ದದ ಅರ್ಧ. ಥೆಟಿಸ್‌ನ ಡಿಎಸ್‌ಪಿ ಆಪ್ಷನ್ಸ್‌ನಲ್ಲಿ ಫಿಲ್ಟರ್ ಸೈಜ್ 4096 ಇದ್ರೆ ಅರ್ಧ 2048, ಅದನ್ನ 48000ದಿಂದ ಭಾಗಿಸಿ, ಸುಮಾರು 43 ಮಿಲಿಸೆಕೆಂಡ್. 16384 ಇಟ್ಟಿದ್ರೆ 170 ಮಿಲಿಸೆಕೆಂಡ್! 1024 ಇಟ್ರೆ 11 ಅಷ್ಟೇ. ಫಿಲ್ಟರ್ ಗೋಡೆ ತರ ಕಡಿದಾಗಿರ್ಲಿ ಅಂತ ಯಾರೋ ಹೇಳಿದ್ದು ಕೇಳಿ ಸೈಜ್ ಗರಿಷ್ಠಕ್ಕೆ ಇಟ್ಟು, ಆಮೇಲೆ ಡಿಲೇ ಡಿಲೇ ಅಂತ ಬಾಯಿ ಬಡ್ಕೊಳೋರು ಕಮ್ಮಿ ಏನಿಲ್ಲ. ಅದೇ ಜಾಗದ ಬಫರ್ ಸೈಜ್ 1024 ಇದ್ರೆ ಅದು ತುಂಬೋಕೇ 21 ಮಿಲಿಸೆಕೆಂಡ್ ಬೇಕು, 64ಕ್ಕೆ ಇಳಿಸಿದ್ರೆ ಒಂದು ಚಿಲ್ಲರೆ, ಆದ್ರೆ ಸಿಪಿಯು ಮೇಲೆ ಹೊರೆ ಏರತ್ತೆ. ಹಳೇ ಲ್ಯಾಪ್‌ಟಾಪ್ ಆದ್ರೆ 256ಕ್ಕೆ ನಿಲ್ಲಿಸಿ.

ಇನ್ನೊಂದು ಸ್ವಿಚ್ ಇದೆ, ಫಿಲ್ಟರ್ ಟೈಪ್, ಲೀನಿಯರ್ ಫೇಸ್ ಅಥವಾ ಲೋ ಲೇಟೆನ್ಸಿ. ಲೋ ಲೇಟೆನ್ಸಿ ಹಾಕಿದ್ರೆ ಫಿಲ್ಟರ್ ಉದ್ದ ಇದ್ರೂ ಡಿಲೇ ಬಹಳ ಕಮ್ಮಿ ಆಗತ್ತೆ, ಬೆಲೆ ಏನಂದ್ರೆ ಬೇರೆಬೇರೆ ಫ್ರೀಕ್ವೆನ್ಸಿಗಳು ಸ್ವಲ್ಪ ಹಿಂದೆಮುಂದೆ ಬರ್ತವೆ. ಸಿಡಬ್ಲ್ಯೂ (ಮೋರ್ಸ್), ಎಸ್‌ಎಸ್‌ಬಿಗೆ ಅದು ನಡಿಯತ್ತೆ. ಡಿಜಿಟಲ್‌ಗೆ ಲೀನಿಯರ್ ಫೇಸೇ ಇರ್ಲಿ. ಪ್ರತಿ ಮೋಡ್‌ಗೂ, ರಿಸೀವ್‌ಗೂ ಟ್ರಾನ್ಸ್‌ಮಿಟ್‌ಗೂ ಬೇರೆಬೇರೆ ಇಡೋಕೆ ಆಗತ್ತೆ, ಆ ಸೌಲಭ್ಯ ಬಳಸಿ. ನಾಯ್ಸ್ ರಿಡಕ್ಷನ್‌ನಲ್ಲಿ ಎನ್‌ಆರ್2 ಹಾಕಿದ್ರೂ ಇನ್ನಷ್ಟು ಡಿಲೇ ಸೇರತ್ತೆ, ಆನ್ ಮಾಡಿ ಒಂದ್ಸಲ, ಆಫ್ ಮಾಡಿ ಒಂದ್ಸಲ ಲೈಟರ್ ಒತ್ತಿ ನೋಡಿ.

ಹೊತ್ತು ಹೋದಂಗೆ ಡಿಲೇ ಬೆಳೀತಾ ಹೋದ್ರೆ

ಶುರುವಲ್ಲಿ ಚೆನ್ನಾಗಿದ್ದು, ಎರಡು ಗಂಟೆ ಆದ್ಮೇಲೆ ವಾಟರ್‌ಫಾಲ್‌ನಲ್ಲಿ (ಬ್ಯಾಂಡ್‌ನ ಸಿಗ್ನಲ್‌ಗಳನ್ನ ಪರದೆ ಮೇಲೆ ತೋರ್ಸೋ ಚಿತ್ರ) ಸಿಗ್ನಲ್ ಕಂಡು ಅರ್ಧ ಸೆಕೆಂಡ್ ಆದ್ಮೇಲೆ ದನಿ ಬರೋದು, ಪ್ರೋಗ್ರಾಂ ಮುಚ್ಚಿ ತೆಗೆದ್ರೆ ಮತ್ತೆ ಸರಿ ಆಗೋದು, ಇದು ಬಫರ್ ಕಾಯಿಲೆ ಅಲ್ಲ, ಎರಡು ಗಡಿಯಾರಗಳ ಜಗಳ. ರಿಗ್‌ನ ಕ್ರಿಸ್ಟಲ್ ಒಂದು 48000 ಎಣಿಸತ್ತೆ, ಸೌಂಡ್ ಕಾರ್ಡ್‌ನ ಕ್ರಿಸ್ಟಲ್ ಇನ್ನೊಂದು 48000 ಎಣಿಸತ್ತೆ, ಎರಡೂ ಪೂರ್ತಿ ಒಂದೇ ಆಗಿರಲ್ಲ. 50 ಪಿಪಿಎಂ (ಹತ್ತು ಲಕ್ಷಕ್ಕೆ 50) ವ್ಯತ್ಯಾಸ ಇದ್ರೆ ಸೆಕೆಂಡ್‌ಗೆ 2.4 ಸ್ಯಾಂಪಲ್ ಉಳೀತಾ ಹೋಗತ್ತೆ, ಗಂಟೆಗೆ 8640, ಅಂದ್ರೆ 180 ಮಿಲಿಸೆಕೆಂಡ್. ಥೆಟಿಸ್ ಇದನ್ನ ತಾನೇ ಸರಿದೂಗಿಸ್ಕೊಂಡು ಹೋಗತ್ತೆ, ಹಂಗಾಗಿ ಅಲ್ಲಿ ಈ ಕಾಟ ಕಮ್ಮಿ. ಆದ್ರೆ ಎಷ್ಟೋ ಸಣ್ಣ ಪ್ರೋಗ್ರಾಂಗಳಲ್ಲಿ, ವರ್ಚುವಲ್ ಕೇಬಲ್ ಮೇಲೆ ಇನ್ನೊಂದು ವರ್ಚುವಲ್ ಕೇಬಲ್ ಪೋಣಿಸಿದ ಸೆಟಪ್‌ಗಳಲ್ಲಿ, ವಿಂಡೋಸ್‌ನ ಲಿಸನ್ ಟು ದಿಸ್ ಡಿವೈಸ್ ಬಳಸೋರಲ್ಲಿ ಇದು ಬರತ್ತೆ. ಕೊಂಡಿಗಳನ್ನ ಕಮ್ಮಿ ಮಾಡಿ. ಸ್ಪೀಕರ್‌ಗೆ ವಿಎಸಿ1, ಎಫ್‌ಟಿ8 ಪ್ರೋಗ್ರಾಂ ಆದ ಡಬ್ಲ್ಯೂಎಸ್‌ಜೆಟಿ-ಎಕ್ಸ್‌ಗೆ ವಿಎಸಿ2, ಇಷ್ಟಕ್ಕೇ ನಿಲ್ಸಿ.

ನೆಟ್‌ವರ್ಕ್, ಕಂಪ್ಯೂಟರ್

ರಿಗ್‌ಗೂ ಕಂಪ್ಯೂಟರ್‌ಗೂ ಮಧ್ಯ ವೈಫೈ ಬೇಡ, ಅಷ್ಟೇ. 192 ಕಿಲೋಹರ್ಟ್ಸ್ ಅಗಲದಲ್ಲಿ ನೋಡ್ತಿದ್ರೆ ಒಂದು ರಿಸೀವರ್‌ಗೇ ಸೆಕೆಂಡ್‌ಗೆ 9 ಮೆಗಾಬಿಟ್ ಮೇಲೆ ಡೇಟಾ ಬಿಡದೇ ಹರೀಬೇಕು, ವೈಫೈ ವೇಗ ಸಾಕಾದ್ರೂ ಮಧ್ಯೆ ಮಧ್ಯೆ ನಿಲ್ಲೋದೇ ಅದ್ರ ಸ್ವಭಾವ. ಕೇಬಲ್ ಹಾಕಿ, ನೆಟ್‌ವರ್ಕ್ ಕಾರ್ಡ್‌ನ ಅಡ್ವಾನ್ಸ್‌ಡ್ ಸೆಟ್ಟಿಂಗ್‌ನಲ್ಲಿ ಎನರ್ಜಿ ಎಫಿಶಿಯಂಟ್ ಈಥರ್ನೆಟ್, ಗ್ರೀನ್ ಈಥರ್ನೆಟ್ ಅಂತ ಇರೋದೆಲ್ಲಾ ಆಫ್ ಮಾಡಿ.

ಕಂಪ್ಯೂಟರ್ ಮೇಲೆ ಅನುಮಾನ ಇದ್ರೆ ಲೇಟೆನ್ಸಿಮಾನ್ ಅನ್ನೋ ಉಚಿತ ಪ್ರೋಗ್ರಾಂನ ಹತ್ತು ನಿಮಿಷ ಓಡಿಸಿ. ಯಾವ ಡ್ರೈವರ್ ಸಿಪಿಯುನ ತುಂಬಾ ಹೊತ್ತು ಹಿಡ್ಕೊಂಡಿತ್ತು ಅಂತ ಹೆಸರು ಸಮೇತ ತೋರ್ಸತ್ತೆ. ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ವೈಫೈ ಡ್ರೈವರ್, ಗ್ರಾಫಿಕ್ಸ್ ಡ್ರೈವರ್, ಬ್ಯಾಟರಿ ನೋಡ್ಕೊಳೋ ಎಸಿಪಿಐ ಡ್ರೈವರ್ ಈ ಮೂರ್ರಲ್ಲಿ ಒಂದು ಇರತ್ತೆ. ಕೇಬಲ್ ಹಾಕಿದ್ಮೇಲೆ ವೈಫೈನ ಪೂರ್ತಿ ಡಿಸೇಬಲ್ ಮಾಡಿ ನೋಡಿ, ಅಷ್ಟಕ್ಕೇ ಗುಣ ಆಗಿದ್ದೂ ಉಂಟು. ಪವರ್ ಪ್ಲಾನ್ ಹೈ ಪರ್ಫಾರ್ಮೆನ್ಸ್ ಇಡಿ. ನಮ್ಮ ಕಡೆ ಕರೆಂಟ್ ಹೋಗಿ ಲ್ಯಾಪ್‌ಟಾಪ್ ಬ್ಯಾಟರಿಗೆ ಬಂದ ತಕ್ಷಣ ಸಿಪಿಯು ವೇಗ ಇಳಿದು ಆಡಿಯೊ ಹರಿದು ಹೋಗೋದು ಮಾಮೂಲಿ, ಬಫರ್ ಸೆಟ್ ಮಾಡುವಾಗ ಚಾರ್ಜರ್ ಕಿತ್ತು ಒಂದ್ಸಲ ಪರೀಕ್ಷೆ ಮಾಡಿ.

ಮೋರ್ಸ್‌ನವ್ರಿಗೆ ಬೇರೆ ದಾರಿ

ಮೇಲಿಂದೆಲ್ಲಾ ಮಾಡಿ ಡಿಲೇನ 40 ಮಿಲಿಸೆಕೆಂಡ್‌ಗೆ ತಂದ್ರೂ 30 ಡಬ್ಲ್ಯೂಪಿಎಂ ಹೊಡಿಯೋರಿಗೆ ಅದು ಒಂದು ಡಾಟ್. ಹಂಗಾಗಿ ಸೈಡ್‌ಟೋನ್‌ನ ಕಂಪ್ಯೂಟರ್ ಕಡೆ ಕಳ್ಸೋದನ್ನೇ ಬಿಡಿ. ಹೊರಗಿನ ಕೀಯರ್ (ಡಾಟ್, ಡ್ಯಾಶ್ ತಾನೇ ತಯಾರಿಸೋ ಡಬ್ಬಿ) ತಗೊಳಿ, ವಿನ್‌ಕೀಯರ್ ಆಗ್ಲಿ, ಆರ್ಡುಇನೊದಲ್ಲಿ ನೀವೇ ಮಾಡ್ಕೊಳೋ ಕೆ3ಎನ್‌ಜಿ ಕೀಯರ್ ಆಗ್ಲಿ, ಅದ್ರಲ್ಲೇ ಪುಟ್ಟ ಸ್ಪೀಕರ್ ಇರತ್ತೆ ಇಲ್ಲಾ ಹಾಕ್ಬಹುದು. ಪ್ಯಾಡಲ್ ಕೀಯರ್‌ಗೆ, ಕೀಯರ್‌ನ ಔಟ್‌ಪುಟ್ ರಿಗ್‌ನ ಕೀ ಜಾಕ್‌ಗೆ. ಹರ್ಮಿಸ್ ಲೈಟ್‌ನಲ್ಲಿ ಕೀ ಜಾಕ್‌ಗೆ ಕೊಟ್ಟ ಸಿಡಬ್ಲ್ಯೂ ರಿಗ್ ಒಳಗೇ ತಯಾರಾಗತ್ತೆ, ಕಂಪ್ಯೂಟರ್‌ಗೆ ಹೋಗಿ ಬರಲ್ಲ. ಗಾಳಿಗೆ ಹೋಗೋ ಸಿಗ್ನಲ್ ಸರಿಯಾಗೇ ಇರತ್ತೆ, ಲೇಟಾಗೋದು ನೀವು ಕೇಳೋ ಟೋನ್ ಮಾತ್ರ. ಥೆಟಿಸ್‌ನ ಸೈಡ್‌ಟೋನ್ ಆಫ್ ಮಾಡಿ, ಕೀಯರ್‌ದು ಕೇಳಿ.

ಆದ್ರೂ ಒಂದು ಕೊರತೆ ಉಳಿಯತ್ತೆ. ಫುಲ್ ಬ್ರೇಕ್-ಇನ್‌ನಲ್ಲಿ ಡಾಟ್‌ಗಳ ಮಧ್ಯೆ ಎದುರಿನವ್ರನ್ನ ಕೇಳ್ಬೇಕು ಅನ್ನೋ ಆಸೆ ಇದ್ರೆ ರಿಸೀವ್ ಡಿಲೇನೂ ಡಾಟ್‌ಗಿಂತ ಕಮ್ಮಿ ಇರ್ಬೇಕು. ಅಲ್ಲಿ ಲೋ ಲೇಟೆನ್ಸಿ ಫಿಲ್ಟರ್, 64ರ ಬಫರ್, ಎಎಸ್‌ಐಒ ಎಲ್ಲಾ ಒಟ್ಟಿಗೆ ಬೇಕಾಗತ್ತೆ. ಅಷ್ಟೆಲ್ಲಾ ಆಗಲ್ಲ ಅನ್ನೋರು ಸೆಮಿ ಬ್ರೇಕ್-ಇನ್‌ನಲ್ಲಿ (ಹೊಡಿಯೋದು ನಿಲ್ಸಿದ್ಮೇಲೆ ಮಾತ್ರ ರಿಸೀವ್‌ಗೆ ಬರೋದು) ಖುಷಿಯಾಗಿರಿ.

ಎಫ್‌ಟಿ8ನಲ್ಲಿ ಡಿಟಿ ಕಾಲಂ ನೋಡಿ

ಡಬ್ಲ್ಯೂಎಸ್‌ಜೆಟಿ-ಎಕ್ಸ್ ಬಳಸೋರಿಗೆ ಡಿಲೇ ಅಳೆಯೋ ಯಂತ್ರ ಉಚಿತವಾಗಿ ಸಿಕ್ಕಿದೆ. 15 ಸೆಕೆಂಡ್‌ನ ಪ್ರತಿ ಸ್ಲಾಟ್‌ನಲ್ಲೂ ಪ್ರತಿ ಸ್ಟೇಷನ್ ಎಷ್ಟು ಹಿಂದೆಮುಂದೆ ಬಂತು ಅಂತ ಡಿಟಿ ಕಾಲಂ ಹೇಳತ್ತೆ. ಒಂದೆರಡು ಸ್ಟೇಷನ್ ಮಾತ್ರ 1.2 ಅಂತ ಇದ್ರೆ ಅದು ಅವ್ರ ತೊಂದ್ರೆ. ಎಲ್ಲಾರೂ 0.6, 0.7 ಅಂತ ಒಂದೇ ಕಡೆ ವಾಲಿದ್ರೆ ತೊಂದ್ರೆ ನಿಮ್ದು, ಒಂದೋ ನಿಮ್ಮ ಕಂಪ್ಯೂಟರ್ ಗಡಿಯಾರ ಮುಂದಿದೆ, ಇಲ್ಲಾ ಆಡಿಯೊ ಲೇಟಾಗ್ತಿದೆ, ಎರಡೂ ಒಂದೇ ತರ ಕಾಣತ್ತೆ. ಮೊದ್ಲು ಎನ್‌ಟಿಪಿ (ಇಂಟರ್ನೆಟ್ ಸಮಯ) ಮೂಲಕ ಗಡಿಯಾರ ಸರಿ ಮಾಡಿ, ಆಮೇಲೂ ಉಳಿದ ನಂಬರ್ ನಿಮ್ಮ ಆಡಿಯೊ ಡಿಲೇ. ಅದನ್ನ ಮುಚ್ಚಿಡೋಕೆ ಗಡಿಯಾರನೇ ಹಿಂದಕ್ಕೆ ತಿರುಗಿಸೋ ಐಡಿಯಾ ಬೇಡ, ನೀವು ಟ್ರಾನ್ಸ್‌ಮಿಟ್ ಮಾಡೋದೂ ಆಗ ಲೇಟಾಗತ್ತೆ.

ಎಸ್‌ಎಸ್‌ಬಿಯಲ್ಲಿ ನಿಮ್ಮ ಮೊದಲ ಅಕ್ಷರ ಯಾವಾಗ್ಲೂ ಕಟ್ ಆಗ್ತಿದೆ ಅಂತ ಎದುರಿನವ್ರು ಹೇಳಿದ್ರೆ ಅದು ಪಿಟಿಟಿ (ಮಾತಾಡೋಕೆ ಒತ್ತೋ ಸ್ವಿಚ್) ಕಥೆ. ವಾಕ್ಸ್ (ದನಿ ಕೇಳಿ ತಾನೇ ಟ್ರಾನ್ಸ್‌ಮಿಟ್‌ಗೆ ಹೋಗೋದು) ಇದ್ರೆ ಬಿಟ್ಟು ಕಾಲಿನ ಸ್ವಿಚ್ ಬಳಸಿ, ಲೀನಿಯರ್ ಆಂಪ್ಲಿಫೈಯರ್ ಇದ್ರೆ ಅದ್ರ ರಿಲೇ ಬೀಳೋಕೆ ಸಮಯ ಕೊಡಿ. ಉಲ್ಟಾ, ಮಾತು ಮುಗಿಸಿ ಪಿಟಿಟಿ ಬಿಟ್ಟಾಗ ಕೊನೇ ಅಕ್ಷರ ಕಟ್ ಆದ್ರೆ ಟ್ರಾನ್ಸ್‌ಮಿಟ್ ಡಿಲೇ ಜಾಸ್ತಿ ಇದೆ, ನಿಮ್ಮ ದನಿ ಇನ್ನೂ ಬಫರ್‌ನಲ್ಲಿರುವಾಗಲೇ ರಿಗ್ ರಿಸೀವ್‌ಗೆ ಬಂದ್ಬಿಡ್ತಿದೆ. ವಿಎಸಿಯ ಒಳಗೆ ಬರೋ ಲೇಟೆನ್ಸಿ ಇಳಿಸಿ, ಟ್ರಾನ್ಸ್‌ಮಿಟ್ ಫಿಲ್ಟರ್ ಸೈಜ್ ಇಳಿಸಿ, ಅದೂ ಸಾಲ್ದಿದ್ರೆ ಪಿಟಿಟಿ ಅರ್ಧ ಉಸಿರು ಲೇಟಾಗಿ ಬಿಡಿ.

ಕ್ಯೂಓ-100 ಉಪಗ್ರಹದಲ್ಲಿ ನಿಮ್ಮ ಡೌನ್‌ಲಿಂಕ್ (ಅಲ್ಲಿಂದ ವಾಪಸ್ ಬರೋ ಸಿಗ್ನಲ್) ನೀವೇ ಕೇಳ್ತಾ ಡಿಲೇ ಇಳಿಸೋಕೆ ಒದ್ದಾಡ್ತಿದ್ರೆ ಒಂದು ಮಾತು, ಬೆಂಗಳೂರಿಂದ ಅಲ್ಲಿಗೆ ಹೋಗಿ ಬರೋಕೆ ಸುಮಾರು 77000 ಕಿಲೋಮೀಟರ್, ಬೆಳಕಿಗೇ ಕಾಲು ಸೆಕೆಂಡ್ ಮೇಲೆ ಬೇಕು. ನೀವು ಅಳೆದ ಒಟ್ಟು ಡಿಲೇಯಲ್ಲಿ 260 ಮಿಲಿಸೆಕೆಂಡ್ ಕಳೆದು ಉಳಿದಿದ್ರ ಮೇಲೆ ಮಾತ್ರ ಕೆಲ್ಸ ಮಾಡಿ.

ಎಲ್ಲಾ ಹೊಂದಿಕೆ ಆದ್ಮೇಲೆ ಥೆಟಿಸ್‌ನ ಡೇಟಾಬೇಸ್ ಎಕ್ಸ್‌ಪೋರ್ಟ್ ಮಾಡಿ ಬೇರೆ ಕಡೆ ಇಟ್ಕೊಳಿ, ಜೊತೆಗೆ ವಿಎಸಿ ಪುಟದ, ಡಿಎಸ್‌ಪಿ ಪುಟದ ಸ್ಕ್ರೀನ್‌ಶಾಟ್ ಒಂದೊಂದು. ಹೊಸ ವರ್ಷನ್ ಹಾಕಿದಾಗಲೋ, ವಿಂಡೋಸ್ ಅಪ್ಡೇಟ್ ಆಗಿ ಡಿಫಾಲ್ಟ್ ಸ್ಪೀಕರ್ ಬದಲಾದಾಗಲೋ ಇದೆಲ್ಲಾ ಮತ್ತೆ ಮೊದಲಿಂದ ಮಾಡೋದು ತಪ್ಪತ್ತೆ. ಲೈಟರ್‌ನ ಅಡುಗೆಮನೆಗೆ ವಾಪಸ್ ಕೊಡಿ.